ಪುಸ್ತಕ ತಿದ್ದುವಾಗ ಸರಿದ ಖಂಡಗಳು

ಪಠ್ಯಪುಸ್ತಕದ ಹೊಸ ಆವೃತ್ತಿ ಎಂದೊಡನೆ ವಿದ್ಯಾರ್ಥಿ ಮಿತ್ರರಿಗೆ ಮೊದಲು ನೆನಪಾಗುವುದು ಹೊಸ ಹೊದಿಕೆ ಮತ್ತು ಏರಿದ ಬೆಲೆ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಗ್ರಂಥಕರ್ತನು ಪ್ರಾಮಾಣಿಕನಾಗಿದ್ದರೆ, ಹಳೆಯ ಪುಸ್ತಕವನ್ನು ತಿದ್ದುವುದು ಹೊಸದನ್ನು ಬರೆಯುವುದಕ್ಕಿಂತ ಕಠಿನವಾದ ಕಾರ್ಯ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬುದನ್ನು ಅವನೇ ತೀರ್ಮಾನಿಸಬೇಕು. ಆಂಗ್ಲ ಭೂವಿಜ್ಞಾನಿ ಆರ್ಥರ್ ಹೋಮ್ಸ್ ಅವರಿಗೆ ಇಂತಹ ಸಂದರ್ಭ ಒದಗಿತು.

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಹೋಮ್ಸ್ ಡರ್ಹಮ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ಬಾಂಬುಗಳಿಂದ ಬೆಂಕಿ ಬಿದ್ದೀತೆಂದು ರಾತ್ರಿ ಕಾವಲು ಕೂರುವುದು ಆಗ ಅಲ್ಲಿನವರ ಕರ್ತವ್ಯಗಳಲ್ಲಿ ಒಂದು. ಆ ನಿಶ್ಶಬ್ದ ರಾತ್ರಿಗಳಲ್ಲಿ ಅವರು ಬರೆದ ‘ಪ್ರಿನ್ಸಿಪಲ್ಸ್ ಆಫ್ ಫಿಸಿಕಲ್ ಜಿಯಾಲಜಿ’ 1944ರಲ್ಲಿ ಪ್ರಕಟವಾಯಿತು. ಅದರ ಕೊನೆಯ ಅಧ್ಯಾಯದ ವಿಷಯ ಭೂಖಂಡಗಳ ಅಲೆತ.

ಖಂಡಗಳು ಸ್ಥಳ ಬದಲಿಸುತ್ತವೆಂದು ಜರ್ಮನಿಯ ವೆಗೆನರ್ 1912ರಲ್ಲಿಯೇ ಸಾರಿದ್ದರು. ಅವುಗಳನ್ನು ತಳ್ಳುವ ಬಲ ಯಾವುದು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರವಿರಲಿಲ್ಲ; ಬಹುಮಂದಿ ವಿದ್ವಾಂಸರು ವಾದವನ್ನೇ ತಳ್ಳಿಹಾಕಿದರು. ಹೋಮ್ಸ್ ಒಂದು ಉತ್ತರ ಸೂಚಿಸಿದರು. ಒಲೆಯ ಮೇಲಿನ ಎಸರನ್ನು ನೋಡಿ. ಕಾದ ನೀರು ಮೇಲೇರಿ, ಬದಿಗೆ ಹರಡಿ, ತಣಿದು ಕೆಳಗಿಳಿಯುತ್ತದೆ. ವಿಕಿರಣಶೀಲ ಧಾತುಗಳ ಶಾಖದಿಂದ ಭೂಮಿಯ ಒಳಪದರದ ಘನಶಿಲೆಯೂ ಹೀಗೆಯೇ ಅತಿ ನಿಧಾನವಾಗಿ ಹರಿಯುತ್ತಿದ್ದು, ಖಂಡಗಳನ್ನು ಹೊತ್ತೊಯ್ಯುತ್ತಿರಬಹುದಲ್ಲವೆ? ಇಷ್ಟು ಹೇಳಿ, ಸ್ವತಂತ್ರ ಪ್ರಮಾಣ ದೊರೆಯುವವರೆಗೂ ಇಂತಹ ಊಹೆಗೆ ವೈಜ್ಞಾನಿಕ ಬೆಲೆಯಿಲ್ಲವೆಂದೂ ಅವರೇ ಎಚ್ಚರಿಸಿದರು.

ಇದು ಪಠ್ಯಪುಸ್ತಕಕ್ಕೆ ತಕ್ಕುದೇ? ಅಚ್ಚಾದುದೆಲ್ಲ ಸತ್ಯವೆಂದು ನಂಬುವ ವಯಸ್ಸಿನವರ ಕೈಗೆ ಅದು ಹೋಗುತ್ತದೆ. ಆದರೂ ಜೀವಂತ ಪ್ರಶ್ನೆಯನ್ನು ಮುಚ್ಚಿಡುವುದಕ್ಕಿಂತ, ಎಚ್ಚರಿಕೆಯೊಡನೆ ಕೊನೆಯಲ್ಲಿ ಇಡುವುದು ಲೇಸೆಂದೇ ನನ್ನ ಅಭಿಪ್ರಾಯ.

ಪುಸ್ತಕ ಹಲವು ಬಾರಿ ಮರುಮುದ್ರಣಗೊಂಡಿತು. ಅಷ್ಟರಲ್ಲಿ ಶಾಸ್ತ್ರವೇ ಬದಲಾಗತೊಡಗಿತು. ಭೂಮಿಯ ವಯಸ್ಸು ಸುಮಾರು 335 ಕೋಟಿ ವರ್ಷವೆಂದು 1947ರಲ್ಲಿ ಹೋಮ್ಸ್ ಅವರೇ ಗಣಿಸಿದ್ದರು. 1956ರಲ್ಲಿ ಅಮೆರಿಕದ ಪ್ಯಾಟರ್ಸನ್ ಅದನ್ನು 455 ಕೋಟಿಗೆ ಏರಿಸಿದರು. ಅಂಕಿಯನ್ನು ತಿದ್ದುವುದು ಸುಲಭ. ಕೊನೆಯ ಅಧ್ಯಾಯದ ಗತಿ ಹಾಗಲ್ಲ.

ಅದಕ್ಕೆ ಬೇಕಾಗಿದ್ದ ಸ್ವತಂತ್ರ ಪ್ರಮಾಣದಲ್ಲಿ ನಮ್ಮ ನೆಲದ ಪಾಲೂ ಇದೆ. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಬೆಸಾಲ್ಟ್ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಖನಿಜಕಣಗಳು ಅಂದಿನ ಭೂಕಾಂತತೆಯ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೇಲೆಕೆಳಗೆ ತಿರುಗಬಲ್ಲ ಕಾಂತಸೂಜಿಯು ಭೂಮಧ್ಯರೇಖೆಯ ಬಳಿ ಅಡ್ಡಲಾಗಿಯೂ ಧ್ರುವಗಳ ಬಳಿ ನೆಟ್ಟಗೂ ನಿಲ್ಲುತ್ತದೆ. ನಡುವೆ ಅಕ್ಷಾಂಶಕ್ಕೆ ತಕ್ಕಂತೆ ಓರೆಯಾಗುತ್ತದೆ. ಆದುದರಿಂದ ಶಿಲೆಯಲ್ಲಿ ಉಳಿದ ಓರೆಯಿಂದ ಅದು ಹುಟ್ಟಿದ ಅಕ್ಷಾಂಶವನ್ನು ಗಣಿಸಬಹುದು. 1950ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ದಖನ್ ಶಿಲೆಗಳನ್ನು ಹೀಗೆ ಪರೀಕ್ಷಿಸಿದಾಗ, ಅವು ಹುಟ್ಟಿದ ಕಾಲದಲ್ಲಿ ಈ ನಾಡು ಭೂಮಧ್ಯರೇಖೆಯ ದಕ್ಷಿಣಕ್ಕಿತ್ತೆಂದು ಕಂಡುಬಂದಿತು!

ಸಾಗರಮಧ್ಯದ ಪರ್ವತಸಾಲುಗಳಲ್ಲಿ ಹೊಸ ನೆಲ ಹುಟ್ಟಿ ಇಕ್ಕೆಲಗಳಿಗೂ ಸರಿಯುತ್ತದೆಂದು 1962ರಲ್ಲಿ ಹ್ಯಾರಿ ಹೆಸ್ ಪ್ರತಿಪಾದಿಸಿದರು. ಸಾಗರತಳದ ಕಾಂತಪಟ್ಟೆಗಳಿಗೆ ಇದರಿಂದ ಅರ್ಥ ದೊರೆಯುತ್ತದೆಂದು ಮರುವರ್ಷ ವೈನ್ ಮತ್ತು ಮ್ಯಾಥ್ಯೂಸ್ ತೋರಿಸಿದರು.

ಹೋಮ್ಸ್ ಅನಾರೋಗ್ಯದಿಂದ 1956ರಲ್ಲಿಯೇ ನಿವೃತ್ತರಾಗಿದ್ದರು. ಕೊನೆಯಲ್ಲಿ ನಾಲ್ಕು ಪುಟ ಸೇರಿಸಿ ಮುಗಿಸಬಹುದಿತ್ತು. ಆದರೆ ಖಂಡಗಳು ಚಲಿಸುವುದಾದರೆ ಪರ್ವತ, ಭೂಕಂಪ, ಜ್ವಾಲಾಮುಖಿ ಎಲ್ಲವನ್ನೂ ಮರಳಿ ವಿವರಿಸಬೇಕು. ತಮ್ಮ ಅಂತರಂಗದಲ್ಲಿ ಈ ವಾದದ ಬಗೆಗೆ ಶಂಕೆ ಹೋಗಿಲ್ಲವೆಂದು 1953ರಲ್ಲಿ ಹೇಳಿಕೊಂಡಿದ್ದವರೂ ಅವರೇ! ಕಡೆಗೆ ಇಡೀ ಗ್ರಂಥವನ್ನೇ ಹೊಸದಾಗಿ ಬರೆದರು. ಐನೂರಕ್ಕೂ ಕೊಂಚ ಹೆಚ್ಚು ಪುಟಗಳಿದ್ದುದು 1965ರಲ್ಲಿ 1288 ಪುಟಗಳಾಗಿ ಹೊರಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

1967-68ರಲ್ಲಿ ಭೂಫಲಕಗಳ ಸಿದ್ಧಾಂತ ರೂಪುಗೊಂಡಿತು. ಆ ಬೃಹದ್ಗ್ರಂಥಕ್ಕೂ ತಿದ್ದುಪಡಿ ಅಗತ್ಯವಾಯಿತು. 1978ರ ಮೂರನೆಯ ಆವೃತ್ತಿಯನ್ನು ಸಿದ್ಧಪಡಿಸಿದವರು ಅವರ ಪತ್ನಿ, ಸ್ವತಃ ಭೂವಿಜ್ಞಾನಿಯಾಗಿದ್ದ ಡೋರಿಸ್ ಹೋಮ್ಸ್.