ಬಾಯ್ಲರ್ ಕೆಟ್ಟ ಮನೆಯಲ್ಲಿ ಚಳಿಗಿಂತ ದೊಡ್ಡ ಅಪಾಯ

ನಮ್ಮ ಕರಾವಳಿಯ ಮನೆಗಳಲ್ಲಿ ಚಳಿಗಾಲವೆಂದರೆ ಬೆಳಗಿನ ಜಾವ ಒಂದು ಹೊದಿಕೆ ಹೆಚ್ಚು ಬೇಕಾಗುವ ಕಾಲ, ಅಷ್ಟೇ. ಬಚ್ಚಲಿನ ಒಲೆಗೆ ನಾಲ್ಕು ತೆಂಗಿನ ಗರಿ, ಒಂದಿಷ್ಟು ಸಿಪ್ಪೆ ತುರುಕಿದರೆ ಹಂಡೆಯ ನೀರು ಮನೆಮಂದಿಗೆಲ್ಲ ಸಾಕು. ಆದರೆ ಇಂದು ಓದು, ಉದ್ಯೋಗ, ಮದುವೆಯ ಕಾರಣದಿಂದ ನಮ್ಮ ಎಷ್ಟೋ ಹೆಣ್ಣುಮಕ್ಕಳು ಬ್ರಿಟನ್ನಿನಂತಹ ಶೀತ ದೇಶಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ಹೆಚ್ಚಿನ ಮನೆಗಳನ್ನು ಬೆಚ್ಚಗಿಡುವುದು ಗೋಡೆಗೆ ತೂಗುಹಾಕಿದ ಒಂದು ಪೆಟ್ಟಿಗೆ. ಅದುವೇ ಬಾಯ್ಲರ್. ಅದು ಗ್ಯಾಸ್ ಉರಿಸಿ ನೀರನ್ನು ಕಾಯಿಸುತ್ತದೆ. ಆ ನೀರು ಕೊಳವೆಗಳ ಮೂಲಕ ಪ್ರತಿ ಕೋಣೆಯ ರೇಡಿಯೇಟರ್‌ಗೆ ಹರಿದು ಮನೆಯನ್ನು ಬಿಸಿ ಮಾಡುತ್ತದೆ. ನಲ್ಲಿಯ ಬಿಸಿನೀರಿಗೂ ಅದೇ ಆಧಾರ. ಹೊರಗೆ ಹಿಮ ಸುರಿಯುವಾಗ ಅದು ನಿಂತುಬಿಟ್ಟರೆ ಎಳೆ ಮಗುವಿರುವ ತಾಯಿಯ ಪಾಡೇನು?

ಬಾಯ್ಲರ್ ನಿಲ್ಲುವುದೂ ಹೆಚ್ಚಾಗಿ ಕಡು ಚಳಿಯಲ್ಲೇ. 2010ರ ಡಿಸೆಂಬರ್, ಬ್ರಿಟನ್ನಿನಲ್ಲಿ 1910ರಿಂದ ಇರುವ ದಾಖಲೆಗಳಲ್ಲಿಯೇ ಅತ್ಯಂತ ಚಳಿಯ ಡಿಸೆಂಬರ್ ಆಗಿತ್ತು. 2018ರ ಫೆಬ್ರವರಿ-ಮಾರ್ಚ್‌ನಲ್ಲಿ ಪೂರ್ವದಿಂದ ಬೀಸಿದ ಶೀತಗಾಳಿಯೂ ಜನರನ್ನು ಕಂಗೆಡಿಸಿತ್ತು. ಇಂತಹ ದಿನಗಳಲ್ಲಿ ದುರಸ್ತಿಗಾರರಿಗೆ ಕರೆಗಳ ಮೇಲೆ ಕರೆ. ಅವರು ಬರುವ ತನಕ ಮನೆಯನ್ನು ನಡೆಸಬೇಕಾದವಳು ಗೃಹಿಣಿ.

ಮೊದಲು ನೋಡಬೇಕಾದುದು

ಗಾಬರಿಯಾಗುವ ಮೊದಲು ನಾಲ್ಕು ಸಂಗತಿಗಳನ್ನು ಪರಿಶೀಲಿಸಬೇಕು. ವಿದ್ಯುತ್ ಇದೆಯೇ? ಗ್ಯಾಸ್ ಬರುತ್ತಿದೆಯೇ? ಮುಂಗಡ ಹಣ ತುಂಬುವ ಮೀಟರ್ ಆಗಿದ್ದರೆ ಹಣ ಮುಗಿದಿರಬಹುದು. ಥರ್ಮೋಸ್ಟಾಟ್ ಸರಿಯಾಗಿದೆಯೇ? ಕೊನೆಯದಾಗಿ, ಬಾಯ್ಲರ್‌ನ ಒತ್ತಡದ ಮುಳ್ಳು ಎಲ್ಲಿದೆ? ಸಾಮಾನ್ಯವಾಗಿ ತಣ್ಣಗಿರುವಾಗ ಅದು 1ರಿಂದ 1.5 ಬಾರ್ ತೋರಿಸಬೇಕು. ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದಂತೆ ನೀರು ತುಂಬಿಸಿದರೆ ಸಾಕಾಗಬಹುದು.

ಇವೆಲ್ಲ ಸರಿಯಿದ್ದೂ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತಿದ್ದರೆ ಸಂಶಯಿಸಬೇಕಾದುದು ಹೊರಗಿನ ಸಣ್ಣ ಕೊಳವೆಯನ್ನು. ಇಂದಿನ ಬಾಯ್ಲರ್‌ಗಳು ಹೊಗೆಯಲ್ಲಿರುವ ಶಾಖವನ್ನೂ ಬಿಡದೆ ಹೀರಿಕೊಳ್ಳುತ್ತವೆ. ಆಗ ಹೊಗೆಯಲ್ಲಿನ ಆವಿ ನೀರಾಗಿ ಒಂದು ಪ್ಲಾಸ್ಟಿಕ್ ಕೊಳವೆಯಿಂದ ಹೊರಗೆ ಹರಿಯುತ್ತದೆ. ಕೊಳವೆ ಗೋಡೆಯ ಹೊರಗಿದ್ದರೆ ಆ ನೀರು ಹೆಪ್ಪುಗಟ್ಟಿ, ದಾರಿ ಮುಚ್ಚಿ, ಬಾಯ್ಲರ್ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ನೆಲದಲ್ಲಿ ನಿಂತು ಕೈಗೆಟಕುವಂತಿದ್ದರೆ ಅದರ ಮೇಲೆ ಬಿಸಿನೀರು ಸುರಿಯಬಹುದು. ಆದರೆ ಕುದಿಯುವ ನೀರು ಬೇಡ, ಕೊಳವೆ ಸೀಳೀತು. ಸುರಿದ ನೀರು ನೆಲದಲ್ಲಿ ಮಂಜುಗಟ್ಟಿ ಜಾರುತ್ತದೆ ಎಂಬುದೂ ನೆನಪಿರಲಿ. ಮಂಜು ಕರಗಿದ ಮೇಲೆ ರೀಸೆಟ್ ಗುಂಡಿ ಒತ್ತಿದರೆ ಅನೇಕ ಸಲ ಬಾಯ್ಲರ್ ಮತ್ತೆ ಉರಿಯುತ್ತದೆ. ಕೊಳವೆ ಎತ್ತರದಲ್ಲಿದ್ದರೆ ಹಿಮದಲ್ಲಿ ಏಣಿ ಹತ್ತುವ ಸಾಹಸ ಬೇಡ.

ಬಾಯ್ಲರ್‌ನ ಮುಚ್ಚಳವನ್ನಂತೂ ಯಾರೂ ಬಿಚ್ಚಬಾರದು. ಬ್ರಿಟನ್ನಿನಲ್ಲಿ ಆ ಕೆಲಸ ಮಾಡುವವರು 2009ರಲ್ಲಿ ಜಾರಿಗೆ ಬಂದ 'ಗ್ಯಾಸ್ ಸೇಫ್' ನೋಂದಣಿಯಲ್ಲಿರಬೇಕು. ಬಂದವರ ಗುರುತಿನ ಚೀಟಿ ಕೇಳಿ ನೋಡುವುದು ಮರ್ಯಾದೆಗೇಡಲ್ಲ, ಜಾಗ್ರತೆ.

ಕಾಣದ ವಿಷ

ನನ್ನಲ್ಲಿ ಕಲಿತ ಹುಡುಗಿಯೊಬ್ಬಳು ಇಂತಹ ಒಂದು ರಾತ್ರಿ ಅಲ್ಲಿಂದ ಫೋನ್ ಮಾಡಿದ್ದಳು. "ಟೀಚರ್, ಮಾಂಸ ಸುಡುವ ಒಲೆಯೊಂದಿದೆ. ಕೋಣೆಯೊಳಗೆ ಸ್ವಲ್ಪ ಇದ್ದಿಲು ಉರಿಸಿ ಬಾಗಿಲು ಮುಚ್ಚಿಕೊಂಡರೆ ಆದೀತೇ?" ಎಂದು ಕೇಳಿದಳು. "ಖಂಡಿತ ಬೇಡ" ಎಂದೆ. ಚಳಿಗೆ ನಡುಗುವ ಮಗುವನ್ನು ನೋಡಿದ ತಾಯಿಗೆ ಇಂತಹ ಯೋಚನೆ ಬರುವುದು ಸಹಜ. ನಿಜವಾದ ಅಪಾಯ ಇರುವುದೂ ಇಲ್ಲಿಯೇ.

ಇದ್ದಿಲಾಗಲಿ, ಸೌದೆಯಾಗಲಿ, ಗ್ಯಾಸ್ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಅದರ ಲಕ್ಷಣಗಳು. ಶೀತಜ್ವರವೆಂದು ತಪ್ಪು ತಿಳಿಯುವವರೇ ಹೆಚ್ಚು. ಆದರೆ ಇದರಲ್ಲಿ ಮೈ ಬಿಸಿಯೇರುವುದಿಲ್ಲ. ಮನೆಯ ಹಲವರಿಗೆ ಒಟ್ಟಿಗೇ ಆಗುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ. ಮಲಗಿದವರು ಏಳದೆಯೇ ಹೋಗಬಹುದು. ಲಕ್ಷಣ ಕಂಡ ಕೂಡಲೇ ಎಲ್ಲರೂ ಹೊರಗೆ ಬಂದು ವೈದ್ಯಕೀಯ ನೆರವು ಪಡೆಯಬೇಕು. ಅಡುಗೆಯ ಗ್ಯಾಸ್ ಒಲೆಯನ್ನು ಹಚ್ಚಿಟ್ಟು ಮೈ ಕಾಯಿಸುವುದೂ ಇದೇ ಕಾರಣಕ್ಕೆ ಕೂಡದು.

ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ತೆರೆದು, ಮೀಟರ್ ಬಳಿಯ ಗ್ಯಾಸ್ ತಿರುಪನ್ನು ಮುಚ್ಚಿ, ಹೊರಗೆ ಬಂದು 0800 111 999ಕ್ಕೆ ಕರೆ ಮಾಡಬೇಕು. ಬ್ರಿಟನ್ನಿನಲ್ಲಿ ಗ್ಯಾಸ್ ತುರ್ತಿಗೆ ಇರುವ ಉಚಿತ ಸಂಖ್ಯೆಯಿದು.

ಆ ರಾತ್ರಿ ಕಳೆಯುವ ಬಗೆ

ಮನೆಯನ್ನೆಲ್ಲ ಬೆಚ್ಚಗಿಡಲು ಹೊರಡದೆ ಒಂದೇ ಕೋಣೆಯನ್ನು ಆರಿಸಿಕೊಳ್ಳಿ. ಪರದೆ ಎಳೆದು, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ ಎಲ್ಲರೂ ಅಲ್ಲಿಯೇ ಇರಿ. ದಪ್ಪದ ಒಂದು ಬಟ್ಟೆಗಿಂತ ತೆಳುವಾದ ಮೂರು ಬಟ್ಟೆ ಒಂದರ ಮೇಲೊಂದು ತೊಟ್ಟರೆ ಲೇಸು. ವಿದ್ಯುತ್ ಹೀಟರ್ ಇದ್ದರೆ ನೇರವಾಗಿ ಗೋಡೆಯ ಪ್ಲಗ್‌ಗೇ ಹಾಕಿ, ಹಾಸಿಗೆ-ಪರದೆಗಳಿಂದ ಒಂದು ಮೀಟರ್ ದೂರವಿಡಿ. ಅದರ ಮೇಲೆ ಬಟ್ಟೆ ಒಣಗಿಸಬೇಡಿ, ಮಲಗುವಾಗ ಆರಿಸಿ. ಬಿಸಿನೀರಿನ ರಬ್ಬರ್ ಚೀಲದಿಂದ ಮಗುವಿನ ಹಾಸಿಗೆಯನ್ನು ಮೊದಲೇ ಬೆಚ್ಚಗೆ ಮಾಡಿ, ಮಗುವನ್ನು ಮಲಗಿಸುವ ಮುನ್ನ ತೆಗೆದುಬಿಡಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸೂಚಿಸಿದೆ. ಹಸುಗೂಸು, ವೃದ್ಧರು, ರೋಗಿಗಳಿದ್ದು ಕೋಣೆ ಬೆಚ್ಚಗಾಗದಿದ್ದರೆ ಸಂಕೋಚಪಡದೆ ನೆರೆಮನೆಗೋ ಬಂಧುಗಳಲ್ಲಿಗೋ ಹೋಗುವುದೇ ಒಳ್ಳೆಯದು. ಕೇಳುವುದು ಅವಮಾನವಲ್ಲ. ನೆರೆಯವರಿಗೆ ನಮ್ಮ ಮೇಲೆ ಹಕ್ಕಿರುವಂತೆ ನಮಗೂ ಅವರ ಮೇಲೆ ಹಕ್ಕಿದೆ.

ಫಜ್ರ್ ನಮಾಝ್‌ಗೆ ವುಝೂವಿನ ಚಿಂತೆ ಬೇಡ. ಕೆಟಲ್‌ನಲ್ಲಿ ಕಾಯಿಸಿದ ನೀರನ್ನು ತಣ್ಣೀರಿಗೆ ಬೆರೆಸಿದರೆ ಒಂದು ಚೊಂಬು ನೀರು ಒಬ್ಬರಿಗೆ ಸಾಕು. ನೀರು ಕಾಯಿಸುವ ಯಾವ ದಾರಿಯೂ ಇಲ್ಲದೆ, ತಣ್ಣೀರಿನಿಂದ ದೇಹಕ್ಕೆ ಹಾನಿಯಾಗುವ ನಿಜವಾದ ಭಯವಿದ್ದರೆ ತಯಮ್ಮುಮ್‌ಗೆ ಅವಕಾಶವಿದೆ. ಜೀವವನ್ನು ಅಪಾಯಕ್ಕೊಡ್ಡುವಂತೆ ನಮ್ಮ ಧರ್ಮ ಕೇಳುವುದಿಲ್ಲ.

ಬಾಡಿಗೆದಾರರ ಹಕ್ಕು

ಹೊಸದಾಗಿ ಹೋದ ಕುಟುಂಬಗಳು ಇರುವುದು ಹೆಚ್ಚಾಗಿ ಬಾಡಿಗೆ ಮನೆಗಳಲ್ಲಿ. 'ಮಾಲಕರಿಗೆ ಬೇಸರವಾದೀತು' ಎಂದು ಸುಮ್ಮನಿರುವವರಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ 1985ರ ಕಾನೂನಿನ ಪ್ರಕಾರ ಬಿಸಿನೀರು ಮತ್ತು ಮನೆ ಬಿಸಿ ಮಾಡುವ ವ್ಯವಸ್ಥೆಯನ್ನು ದುರಸ್ತಿಯಲ್ಲಿಡುವುದು ಸಾಮಾನ್ಯವಾಗಿ ಮಾಲಕರ ಹೊಣೆ. ಅವರು ಒದಗಿಸಿದ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು. 2022ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಇರುವ ವಾಸದ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ದೂರನ್ನು ಬರಹದಲ್ಲಿ ಕೊಟ್ಟು, ದಿನಾಂಕ ಗುರುತಿಟ್ಟುಕೊಳ್ಳಬೇಕು.

ನಮ್ಮ ಬಚ್ಚಲಲ್ಲೂ ಇದೇ ವಿಷ

ಇದೆಲ್ಲ ದೂರದೂರಿನ ಮಾತೆಂದು ಪುಟ ಮಗುಚಬೇಡಿ. ನಮ್ಮ ಪೇಟೆಗಳ ಮನೆಗಳಲ್ಲಿ ಗ್ಯಾಸ್ ಗೀಸರ್ ಬಂದು ಬಹಳ ಕಾಲವಾಯಿತು. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಅದನ್ನು ಹಚ್ಚಿ, ಚಿಲಕ ಹಾಕಿ ಸ್ನಾನಕ್ಕಿಳಿದವರು ಕುಸಿದು ಪ್ರಾಣ ಕಳಕೊಂಡ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಗೀಸರ್ ಮತ್ತು ಸಿಲಿಂಡರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಲಿ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವ ರೂಢಿಯಿರುವಲ್ಲಿ, ಬಾಗಿಲು-ಕಿಟಕಿ ಮುಚ್ಚಿ ಕೆಂಡವಿಟ್ಟು ತಾಯಿ-ಮಗುವನ್ನು ಮಲಗಿಸುವುದನ್ನು ನಿಲ್ಲಿಸಬೇಕು.

ಪರವೂರಿನ ಮಗಳಿಗೆ ಫೋನ್ ಮಾಡಿದಾಗ ನಾವು ಊಟವಾಯಿತೇ, ಮಗು ಮಲಗಿತೇ ಎಂದೆಲ್ಲ ಕೇಳುತ್ತೇವೆ. ಮುಂದಿನ ಸಲ, "ಬಾಯ್ಲರ್ ತಪಾಸಣೆ ಮಾಡಿಸಿದ್ದೀರಾ? ಅಲಾರಂ ಕೆಲಸ ಮಾಡುತ್ತಿದೆಯಾ?" ಎಂಬ ಎರಡು ಪ್ರಶ್ನೆಗಳನ್ನೂ ಕೇಳಿ. ಹಾಗೆಯೇ ನಮ್ಮ ಬಚ್ಚಲಿಗೆ ಗಾಳಿ ಬರುವ ದಾರಿ ಎಲ್ಲಿದೆ ಎಂದು ಇವತ್ತೇ ಒಮ್ಮೆ ಹೋಗಿ ನೋಡೋಣ.