ನಿಮಗಿದು ಗೊತ್ತೇ? ಸೋತ ಮಾಯಾಲೋಕಗಳ ಪರವಾಗಿ

ರೋಬೋಟ್ ಸಿನಿಮಾ ಅಂದ ಕೂಡಲೇ ಎಲ್ಲರೂ ರಜನಿಕಾಂತ್ ಹೆಸರು ಹೇಳುತ್ತಾರೆ. ‘ಎಂದಿರನ್’ ತೆರೆಗೆ ಬಂದದ್ದು 2010ರಲ್ಲಿ. ಅದಕ್ಕೆ ಏಳೆಂಟು ವರ್ಷ ಮೊದಲೇ ಕನ್ನಡದಲ್ಲಿ ‘ಯುಎಸ್ 47’ ಎಂಬ ರೋಬೋಟ್ ಓಡಾಡಿತ್ತು, ಗೊತ್ತೇ? ಚಿತ್ರದ ಹೆಸರು ‘ಹಾಲಿವುಡ್’, ವರ್ಷ 2002. ಕಥೆ ಉಪೇಂದ್ರರದು, ನಿರ್ದೇಶನ ದಿನೇಶ್ ಬಾಬು ಅವರದು. ಉಪೇಂದ್ರರಿಗೆ ಮೂರು ಪಾತ್ರ, ಅದರಲ್ಲೊಂದು ಈ ಯಂತ್ರಮಾನವ. ಸಿನಿಮಾ ನಿರೀಕ್ಷೆಯಷ್ಟು ಓಡಲಿಲ್ಲ. ಆದರೆ ದಕ್ಷಿಣದಲ್ಲಿ ರೋಬೋಟ್ ಕಥೆಗೆ ದಾರಿ ಮಾಡಿದವರ ಪಟ್ಟಿಯಲ್ಲಿ ಅದರ ಹೆಸರನ್ನೇ ಬಿಟ್ಟುಬಿಡುವುದು ಅನ್ಯಾಯ.

ಡಾ. ರಾಜ್‌ಕುಮಾರ್ ಸಮುದ್ರದೊಳಗೆ ಆಕ್ಟೋಪಸ್ ಜತೆ ಕಾದಾಡಿದ ಚಿತ್ರ ಯಾವುದು? 1987ರ ‘ಒಂದು ಮುತ್ತಿನ ಕಥೆ’. ನಿರ್ದೇಶಕ ಶಂಕರ್‌ನಾಗ್. ಜಾನ್ ಸ್ಟೈನ್‌ಬೆಕ್‌ನ ‘ದಿ ಪರ್ಲ್’ ಕಿರುಕಾದಂಬರಿಯ ಎಳೆ ಹಿಡಿದ ಕಥೆ. ನೀರಿನಡಿಯ ದೃಶ್ಯಗಳಿಗಾಗಿ ತಂಡ ಮಾಲ್ಡೀವ್ಸ್‌ವರೆಗೂ ಹೋಯಿತು. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಎಂಬ ಆಸರೆ ಇರಲಿಲ್ಲ. ಕ್ಯಾಮೆರಾ ನೀರಿಗೆ ಇಳಿಯಲೇಬೇಕು, ಬೆಳಕು ಅಲ್ಲಿಗೆ ಮುಟ್ಟಲೇಬೇಕು, ನಟ ಉಸಿರು ಕಟ್ಟಲೇಬೇಕು. ಆ ಹೊತ್ತಿಗೆ ರಾಜ್ ಅವರಿಗೆ ಐವತ್ತೈದು ದಾಟಿತ್ತು. ಅಭಿಮಾನಿಗಳು ಬಯಸಿದ್ದ ರಾಜ್‌ಕುಮಾರ್ ಆ ಬಡ ಮುತ್ತುಗಾರನಲ್ಲಿ ಕಾಣಲಿಲ್ಲವೋ ಏನೋ, ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಶಂಕರ್‌ನಾಗ್ ಬಗ್ಗೆ ಮಾತಾಡುವಾಗ ‘ಮಿಂಚಿನ ಓಟ’ ಬರುತ್ತದೆ, ‘ಮಾಲ್ಗುಡಿ ಡೇಸ್’ ಬರುತ್ತದೆ, ಈ ಚಿತ್ರ ಮಾತ್ರ ಬರುವುದೇ ಇಲ್ಲ. ನನ್ನ ಮಟ್ಟಿಗೆ ಅವರ ಎದೆಗಾರಿಕೆ ಪೂರ್ತಿ ಕಾಣುವುದು ಇದರಲ್ಲೇ.

‘ನಮ್ಮ ಜನಕ್ಕೆ ಇಂಥವೆಲ್ಲ ತಲೆಗೆ ಹತ್ತುವುದಿಲ್ಲ’ ಎಂದು ಬೆಂಗಳೂರಿನ ಚಿತ್ರೋದ್ಯಮ ಆಗಾಗ ಹೇಳುತ್ತದೆ. ನಮ್ಮ ಬಳಗಾನೂರು, ಮಸ್ಕಿ, ಸಿಂಧನೂರು ಕಡೆಯ ಯಾರೂ ಈ ಮಾತು ಒಪ್ಪಬಾರದು. ರಾತ್ರಿಯಿಡೀ ದೊಡ್ಡಾಟ ನೋಡಿ ಬೆಳಗಿನ ಜಾವ ಮನೆಗೆ ಹೋದವರ ಸೀಮೆ ಇದು. ಭುಜಕೀರ್ತಿ, ಕಿರೀಟ ಕಟ್ಟಿಕೊಂಡು ಅಟ್ಟ ಅದುರುವಂತೆ ಕುಣಿಯುವ ರಾಕ್ಷಸನನ್ನು ನೋಡಿ ಇಲ್ಲಿ ಯಾರೂ ‘ಇದು ನಂಬುವಂಥದ್ದಲ್ಲ’ ಎಂದು ಎದ್ದು ಹೋಗಲಿಲ್ಲ. ಅದಕ್ಕೆ ಕಾರಣವೂ ಇದೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರಿಗೆ ನಿಂತು, ತಾವು ಯಾರು, ಯಾವ ಪಟ್ಟಣ, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರ ತನ್ನ ಲೋಕವನ್ನೆಲ್ಲ ಬಿಡಿಸಿ ಹೇಳುತ್ತದೆ. ಅಷ್ಟಾದ ಮೇಲೆಯೇ ಆಟ. ನಮ್ಮ ಫ್ಯಾಂಟಸಿ ಸಿನಿಮಾಗಳಲ್ಲಿ ಹಲವಕ್ಕೆ ಸಾರಥಿಯೇ ಇರುವುದಿಲ್ಲ. ಹೊಸ ಲೋಕಕ್ಕೆ ಕರೆದೊಯ್ದು ಬಾಗಿಲಲ್ಲೇ ಬಿಟ್ಟುಬಿಡುತ್ತವೆ. ಅವು ಸೋತದ್ದರಲ್ಲಿ ಇದಕ್ಕೂ ಪಾಲಿದೆ. ಹೀಗಿರುವಾಗ ಎಲ್ಲ ದೋಷವನ್ನೂ ನೋಡುಗನ ತಲೆಗೆ ಕಟ್ಟುವುದು ಸರಿಯಲ್ಲ.

ತೆಲುಗಿನ ಜಾನಪದ ಚಿತ್ರಗಳ ದೊರೆ ಬಿ. ವಿಠಲಾಚಾರ್ಯ ಕನ್ನಡ ನಾಡಿನವರು ಎಂಬುದು ಗೊತ್ತೇ? ಹುಟ್ಟಿದ್ದು 1920ರಲ್ಲಿ, ಉಡುಪಿ ಬಳಿಯ ಉದ್ಯಾವರದಲ್ಲಿ. ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿ, ಡಿ. ಶಂಕರ್‌ಸಿಂಗ್ ಜತೆ ಮಹಾತ್ಮ ಪಿಕ್ಚರ್ಸ್ ಕಟ್ಟಿ, ಆಮೇಲೆ ಮದರಾಸಿಗೆ ಹೋದರು. ಮಹಾತ್ಮ ಸಂಸ್ಥೆಯ 1951ರ ಕನ್ನಡ ‘ಜಗನ್ಮೋಹಿನಿ’ ಭರ್ಜರಿ ಗೆಲುವು ಕಂಡಿತು. ಮುಂದೆ ತೆಲುಗಿನಲ್ಲಿ ಅವರು ತೋರಿಸಿದ, ಸೌದೆಯ ಬದಲು ತನ್ನ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುವ ದೆವ್ವವನ್ನು ನೆನಪಿಟ್ಟವರು ಇಂದಿಗೂ ಇದ್ದಾರೆ. ಅದು ವಿಠಲಾಚಾರ್ಯರ ಅಂಗಡಿಯ ಮಾಲು. ಖರ್ಚು ಕಡಿಮೆ, ಕಲ್ಪನೆ ದಂಡಿ.

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಸುತ್ತ ಆಂಧ್ರದ ರೈತರ ಕ್ಯಾಂಪುಗಳೆದ್ದವು. ಅವರ ಜತೆ ತೆಲುಗು ಸಿನಿಮಾವೂ ಬಂತು. 1991ರ ‘ಆದಿತ್ಯ 369’ ನೋಡಿದವರಿಗೆ ಟೈಮ್ ಮಷಿನ್ ಹೊಸದಲ್ಲ. ಆ ಯಂತ್ರ ಹೋಗಿ ಇಳಿಯುವುದು 1526ನೇ ಇಸವಿಗೆ, ಕೃಷ್ಣದೇವರಾಯನ ವಿಜಯನಗರಕ್ಕೆ. ಅಂದರೆ ಇಲ್ಲಿಂದ ಹೊಳೆ ದಾಟಿದರೆ ಸಿಗುವ ಹಂಪಿಗೆ! ಅಲ್ಲಿಂದ ಮುಂದೆ 2504ಕ್ಕೆ ಜಿಗಿತ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್. ರಾಜ್‌ಕುಮಾರ್‌ಗೆ ‘ಹಾಲು ಜೇನು’, ‘ಶ್ರಾವಣ ಬಂತು’ ಕೊಟ್ಟವರೂ ಇವರೇ. ಆ ಕಾಲಯಂತ್ರ ಮೊದಲು ಕನ್ನಡದಲ್ಲೇ ಹಂಪಿಗೆ ಬಂದಿಳಿಯಬೇಕಿತ್ತು ಎಂಬ ಕೊರಗು ನನಗೆ ಇದ್ದೇ ಇದೆ.

ಕಥೆಗೆ ನೆಲ ಸಾಲದು ಎನ್ನುವವರು ಒಮ್ಮೆ ಮಸ್ಕಿಗೆ ಬರಲಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿ ಬಂಗಾರ ಹುಡುಕುತ್ತ ಬಂದು ಕಂಡದ್ದು ಬಂಡೆಯ ಮೇಲಿನ ಶಾಸನವನ್ನು. ಅದರಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜತೆಗೆ ಅಶೋಕನ ಹೆಸರೇ ಇತ್ತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2 ಸಾವಿರ ವರ್ಷ ಹಿಂದೆಯೇ ನೆಲದಾಳಕ್ಕೆ ಇಳಿದು ಚಿನ್ನ ತೆಗೆದ ಗುರುತುಗಳಿವೆ. ಕಾಲಪಯಣದ ಚಿತ್ರಕ್ಕೆ ಇದಕ್ಕಿಂತ ಇನ್ನೇನು ಬೇಕು?

ಇಂಗ್ಲಿಷ್ ಸಿನಿಮಾದ ಡೈನೋಸಾರ್ ಕನ್ನಡ ಮಾತಾಡಲಿಲ್ಲ ಯಾಕೆ? ಕರ್ನಾಟಕದಲ್ಲಿ 1960ರ ದಶಕದಿಂದ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ಆದೇಶ ಕೊಟ್ಟಿತು. ಡಬ್ ಆದ ಚಿತ್ರಗಳು ಮತ್ತೆ ತೆರೆ ಕಂಡದ್ದು 2017ರ ಹೊತ್ತಿಗೆ. ಡಬ್ಬಿಂಗ್ ವಿರೋಧ ಕನ್ನಡದ ಕಲಾವಿದರ ಅನ್ನ ಉಳಿಸಲು ಹುಟ್ಟಿದ ಹೋರಾಟ, ಆ ಕಳಕಳಿಯನ್ನು ಗೌರವಿಸುತ್ತೇನೆ. ಆದರೆ ನಮ್ಮ ಕಡೆಯ ಮಕ್ಕಳು ಅನ್ಯಗ್ರಹ, ರೋಬೋಟ್, ಕಾಲಯಂತ್ರ ಎಲ್ಲವನ್ನೂ ತೆಲುಗು, ಹಿಂದಿಯಲ್ಲೇ ಕೇಳಿ ಬೆಳೆದರು. ಅಂಥ ಕಥೆ ಕನ್ನಡದಲ್ಲಿ ಬಂದಾಗ ಕಿವಿಗೆ ಅಪರಿಚಿತವಾಗಿ ಕೇಳಿಸಿದ್ದರೆ ಅಚ್ಚರಿಯಿಲ್ಲ.

‘ಅವನೇ ಶ್ರೀಮನ್ನಾರಾಯಣ’ ಚಿತ್ರದ ಊರು ಅಮರಾವತಿ ಯಾವ ನಕ್ಷೆಯಲ್ಲಿದೆ? ಯಾವುದರಲ್ಲೂ ಇಲ್ಲ. ಸಚಿನ್ ರವಿ ನಿರ್ದೇಶನ, ಕನ್ನಡದಲ್ಲಿ 2019ರ ಡಿಸೆಂಬರ್ 27ರ ಬಿಡುಗಡೆ, ಒಟ್ಟು ಐದು ಭಾಷೆ, ಮೂರು ಗಂಟೆ ದಾಟಿದ ಅವಧಿ. ಕಥೆಯ ಬೇರು ನಮಗೆ ತೀರಾ ಹತ್ತಿರದ್ದು: ಲೂಟಿಯ ನಿಧಿ, ಅದರ ಗುಟ್ಟು ಬಲ್ಲ ನಾಟಕ ತಂಡ. ಒಬ್ಬ ಕೌಬಾಯ್ ಕೃಷ್ಣ, ಒಂದು ಅಭೀರರ ಕೋಟೆ, ಸೇಡಿಗೆ ಕಾದ ಜಯರಾಮ, ಅಧಿಕಾರಕ್ಕೆ ಹಾತೊರೆಯುವ ತುಕಾರಾಮ, ನಡುವೆ ರಕ್ಷಿತ್ ಶೆಟ್ಟರ ಪೊಲೀಸ್ ನಾರಾಯಣ. ಪೌರಾಣಿಕ ನಾಟಕದ ಹೆಸರು, ವೇಷಗಳನ್ನು ಅಮೆರಿಕದ ವೆಸ್ಟರ್ನ್ ಚಿತ್ರಗಳ ಧೂಳಿನಲ್ಲಿ ಅದ್ದಿ ತೆಗೆದ ಹಾಗೆ. ಮೊದಲ ವಾರ ‘ಉದ್ದ ಆಯಿತು’ ಎಂಬ ಮಾತು ಹಬ್ಬಿತು. ಹಾಕಿದ ಶ್ರಮಕ್ಕೆ ತಕ್ಕ ಗಳಿಕೆ ಬರಲಿಲ್ಲ. ಉದ್ದ ಆಗಿದ್ದು ನಿಜ. ಆದರೆ ಅಮರಾವತಿಯ ಒಂದೊಂದು ಗೋಡೆ, ದೀಪ, ಬಣ್ಣವನ್ನೂ ಇಲ್ಲದ ಊರಿಗಾಗಿ ಹೊಸದಾಗಿ ಯೋಚಿಸಿ ಕಟ್ಟಿದ್ದಾರೆ. ಎರಡನೇ ಸಲ ನೋಡುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ.

ಇಂಥ ಚಿತ್ರಕ್ಕೆ ಲೆಕ್ಕವೇ ಎದುರಾಳಿ. ಪ್ರೇಮಕಥೆಗೆ ಬೀದಿಯಿದ್ದರೆ ಸಾಕು. ಇಲ್ಲಿ ಸೆಟ್ಟು, ವೇಷ, ಗ್ರಾಫಿಕ್ಸ್‌ಗೆ ಮೊದಲೇ ದುಡ್ಡು ಸುರಿಯಬೇಕು. ತೀರ್ಪು ಬರುವುದು ಮಾತ್ರ ಶುಕ್ರವಾರದಿಂದ ಭಾನುವಾರದೊಳಗೆ. ಸೋಮವಾರ ಷೋ ಕಡಿಮೆಯಾದರೆ ಮುಗಿಯಿತು. ನೋಡಿದವರು ಊರಿಗೆ ಬಂದು ಹೇಳಿ, ಕೇಳಿದವರು ಬಸ್ಸು ಹಿಡಿದು ಸಿಂಧನೂರು ಮುಟ್ಟುವ ಹೊತ್ತಿಗೆ ಪೋಸ್ಟರ್ ಬದಲಾಗಿರುತ್ತದೆ.

2016ರ ‘ನಾಗರಹಾವು’ ಗೊತ್ತೇ? ಪುಟ್ಟಣ್ಣನವರ 1972ರ ಚಿತ್ರವಲ್ಲ, ಕೋಡಿ ರಾಮಕೃಷ್ಣರ ಫ್ಯಾಂಟಸಿ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್‌ರನ್ನು ಅದರಲ್ಲಿ ಗ್ರಾಫಿಕ್ಸ್ ಮೂಲಕ ಮತ್ತೆ ತೆರೆಗೆ ತಂದರು. ಚಿತ್ರ ದೊಡ್ಡ ಗೆಲುವಾಗಲಿಲ್ಲ. ಕೃತಕ ಬುದ್ಧಿಮತ್ತೆ ಮನೆಮಾತಾಗುವ ಮೊದಲೇ ನಡೆದ ಪ್ರಯತ್ನ ಅದು.

ಉಪೇಂದ್ರ ಒಂಬತ್ತು ವರ್ಷಗಳ ಬಳಿಕ ನಿರ್ದೇಶನಕ್ಕೆ ಮರಳಿದ ‘ಯುಐ’ 2024ರ ಡಿಸೆಂಬರ್ 20ಕ್ಕೆ ಬಂತು. ಮೊದಲ ದಿನಗಳ ಜನಜಂಗುಳಿ ಬೇಗ ಕರಗಿತು. ಸಿನಿಮಾ ನೋಡಿದವರಿಗೆ ಏನಾಗುತ್ತದೆ ಎಂಬುದನ್ನೇ ಕಥೆಯೊಳಗೆ ಇಟ್ಟಿದ್ದಾರೆ. ಗದ್ದಲ ಜಾಸ್ತಿ ಅನ್ನಿಸಿತು, ಆದರೂ ಅಷ್ಟು ದೊಡ್ಡ ತಾರೆ ಸುರಕ್ಷಿತ ಹಾದಿ ಬಿಟ್ಟು ನಡೆದದ್ದನ್ನು ಮೆಚ್ಚದಿರಲು ಆಗದು.

ಸೋಲು ನಮ್ಮೊಬ್ಬರದೇ ಸ್ವತ್ತಲ್ಲ. ಫ್ರಿಟ್ಜ್ ಲ್ಯಾಂಗ್‌ನ ‘ಮೆಟ್ರೊಪೊಲಿಸ್’ 1927ರಲ್ಲಿ ತನ್ನ ನಿರ್ಮಾಣ ಸಂಸ್ಥೆಯನ್ನು ಸಾಲದ ಸುಳಿಗೆ ನೂಕಿತು. ಕತ್ತರಿಸಿ ಕಳೆದುಹೋಗಿದ್ದ ಅದರ ಬಹುಪಾಲು ದೃಶ್ಯಗಳು ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿದ್ದು 2008ರಲ್ಲಿ. ‘ಬ್ಲೇಡ್ ರನ್ನರ್’ ಮತ್ತು ‘ದಿ ಥಿಂಗ್’ ಎರಡೂ ಅಮೆರಿಕದಲ್ಲಿ 1982ರ ಜೂನ್ 25ರಂದೇ ಬಿಡುಗಡೆಯಾದವು, ಸ್ಪೀಲ್‌ಬರ್ಗ್‌ನ ‘ಇ.ಟಿ.’ ಅಬ್ಬರದಲ್ಲಿ ಎರಡೂ ಮುಗ್ಗರಿಸಿದವು.

ಕನ್ನಡದ ‘ಬ್ಲಿಂಕ್’ ನೋಡಿದ್ದೀರಾ? ಕಣ್ಣು ಮಿಟುಕಿಸದೆ ಇದ್ದಷ್ಟು ಹೊತ್ತು ಕಾಲದಲ್ಲಿ ಅತ್ತಿತ್ತ ಹೋಗಬಲ್ಲ ಹುಡುಗನ ಕಥೆ, ಒಳಗೆ ಈಡಿಪಸ್‌ನ ನೆರಳು. ಶ್ರೀನಿಧಿ ಬೆಂಗಳೂರು ಅವರ ಮೊದಲ ಚಿತ್ರ, 2024ರ ಮಾರ್ಚ್ 8ರ ಬಿಡುಗಡೆ. ದುಡ್ಡಿನ ಕೊರತೆಯನ್ನು ಚಿತ್ರಕಥೆಯ ಜಾಣ್ಮೆಯಿಂದ ನೀಗಿದರು. ಥಿಯೇಟರಿನಲ್ಲಿ ಸದ್ದು ಕಡಿಮೆ, ಒಟಿಟಿಗೆ ಬಂದ ಮೇಲೆ ‘ಇದನ್ನು ಹೇಗೆ ತಪ್ಪಿಸಿಕೊಂಡೆವು’ ಎಂದವರೇ ಹೆಚ್ಚು.

ತಪ್ಪಿಸಿಕೊಂಡದ್ದನ್ನು ಮತ್ತೆ ಹಿಡಿಯಬಹುದು ಎಂಬುದಕ್ಕೆ ಹಿಂದಿಯ ‘ತುಂಬಾಡ್’ ಚಿತ್ರ ಸಾಕ್ಷಿ. 2018ರಲ್ಲಿ ಅದರ ಗಳಿಕೆ ಸಾಧಾರಣ. 2024ರ ಸೆಪ್ಟೆಂಬರಿನಲ್ಲಿ ಮರುಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಹೆಚ್ಚು ದುಡಿಯಿತು. ಹಳೆಯ ಹಿಟ್ ಚಿತ್ರಗಳನ್ನು ಹೊಳಪು ಕೊಟ್ಟು ಮತ್ತೆ ತರುವ ನಮ್ಮ ನಿರ್ಮಾಪಕರು ಒಮ್ಮೆ ‘ಅವನೇ ಶ್ರೀಮನ್ನಾರಾಯಣ’ವನ್ನೂ ಹಾಗೆ ತರಲಿ. ಸಿಂಧನೂರಿನಂಥ ಊರುಗಳ ಒಂಟಿ ಪರದೆಗೆ ಕೊಟ್ಟು, ಸೋಮವಾರದ ಲೆಕ್ಕ ನೋಡದೆ ಎರಡು ವಾರ ಬಿಡಲಿ.