ಬೈಕಿನ ಪೆಟ್ರೋಲ್ ಟ್ಯಾಂಕು ಇಳಿಸುವ ಮುನ್ನ

ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕು ಇಳಿಸುವುದು ಕೈಕೆಲಸದ ಮಟ್ಟಿಗೆ ಕಷ್ಟವೇನಲ್ಲ. ಹೆಚ್ಚಿನ ಬೈಕುಗಳಲ್ಲಿ ಟ್ಯಾಂಕನ್ನು ಹಿಡಿದಿಡುವುದು ಸೀಟಿನಡಿಯ ಒಂದೆರಡು ಬೋಲ್ಟು ಮತ್ತು ಮುಂದುಗಡೆಯ ರಬ್ಬರ್ ಬುಷ್ ಮಾತ್ರ. ಅಪಾಯವಿರುವುದು ಪೆಟ್ರೋಲಿನ ಗುಣದಲ್ಲಿ. ಹೊತ್ತಿ ಉರಿಯುವುದು ದ್ರವವಲ್ಲ, ಅದರಿಂದೇಳುವ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಕೊರೆಯುವ ಚಳಿಯಲ್ಲೂ ಪೆಟ್ರೋಲ್ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಈ ಆವಿ ಹೆಚ್ಚುಕಡಿಮೆ ಶೇಕಡ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ಆದ್ದರಿಂದ ತುಂಬಿದ ಟ್ಯಾಂಕಿಗಿಂತ ಈಗಷ್ಟೇ ಬರಿದು ಮಾಡಿದ ಟ್ಯಾಂಕಿಗೆ ಹೆಚ್ಚು ಹೆದರಬೇಕು. ಅದರೊಳಗೆ ಆವಿಯ ಜೊತೆ ಗಾಳಿಯೂ ಸೇರಿರುತ್ತದೆ. ಖಾಲಿಯೆಂದು ನಂಬಿ ಅದಕ್ಕೆ ವೆಲ್ಡಿಂಗ್ ಹಿಡಿಯುವುದು ಜೀವಕ್ಕೇ ಎರವಾಗಬಹುದು.

ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರದೆ ನೆಲದಲ್ಲೇ ಹರಿದು, ದೂರದ ಒಲೆಯನ್ನೋ ದೇವರ ದೀಪವನ್ನೋ ಮುಟ್ಟಬಲ್ಲದು. ನೆಲಮಾಳಿಗೆ, ಮುಚ್ಚಿದ ಶೆಡ್ಡು ಈ ಕೆಲಸಕ್ಕೆ ಸಲ್ಲ. ಗಾಳಿಯಾಡುವ ಅಂಗಳದ ನೆರಳೇ ಸರಿಯಾದ ಜಾಗ. ಎಂಜಿನ್ ಮತ್ತು ಸೈಲೆನ್ಸರ್ ಪೂರ್ತಿ ತಣ್ಣಗಾಗಿರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಷ್ಟೂ ಎತ್ತುವುದು ಸಲೀಸು, ಏಕೆಂದರೆ ಹತ್ತು ಲೀಟರ್ ಪೆಟ್ರೋಲೇ ಏಳೂವರೆ ಕಿಲೋ ತೂಗುತ್ತದೆ.

ಕಾರ್ಬ್ಯುರೇಟರ್ ಇರುವ ಹಳೆಯ ಬೈಕಿನಲ್ಲಿ ಪೆಟ್ರೋಲ್ ಕಾಕನ್ನು ಆಫ್‌ಗೆ ತಿರುಗಿಸಿದರೆ ಹರಿವು ನಿಲ್ಲುತ್ತದೆ. 2020ರ ಏಪ್ರಿಲ್ 1ರಂದು ಭಾರತದಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಬೈಕುಗಳು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ಅವುಗಳ ಪಂಪು ಟ್ಯಾಂಕಿನೊಳಗೇ ಇದ್ದು, ಪೈಪಿನಲ್ಲಿ ಸಾಮಾನ್ಯವಾಗಿ ವಾಯುಭಾರದ ಸುಮಾರು ಮೂರು ಪಟ್ಟು ಒತ್ತಡವಿರುತ್ತದೆ; ಎಂಜಿನ್ ಆರಿದ ಮೇಲೂ ಅದು ಬೇಗ ಇಳಿಯುವುದಿಲ್ಲ. ಹಾಗೆಯೇ ಪೈಪು ಕಳಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಅದಕ್ಕೇ ಮೊದಲು ಪಂಪಿನ ವೈರ್ ಕನೆಕ್ಟರ್ ಬಿಚ್ಚಿ, ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ಆರುವವರೆಗೆ ಬಿಡುತ್ತಾರೆ. ಎಂಜಿನ್ ಮತ್ತೆ ತಣಿದ ಮೇಲೆಯೇ ಮುಂದಿನ ಕೆಲಸ. ಮಾದರಿಯಿಂದ ಮಾದರಿಗೆ ಕ್ರಮ ಬೇರೆಯಾದ್ದರಿಂದ ಸರ್ವಿಸ್ ಕೈಪಿಡಿಯ ಮಾತೇ ಅಂತಿಮ.

ಬಳಿಕ ಬ್ಯಾಟರಿಯ ಸರದಿ. ನೆಗೆಟಿವ್ ತುದಿಯನ್ನೇ ಮೊದಲು ಕಳಚಬೇಕು. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚೇಸಿಸ್‌ಗೆ ತಾಗಿದರೆ ದೊಡ್ಡ ಕಿಡಿ ಏಳುತ್ತದೆ; ನೆಗೆಟಿವ್ ಮೊದಲೇ ಕಳಚಿದ್ದರೆ ಆ ಸರ್ಕ್ಯೂಟೇ ಇರುವುದಿಲ್ಲ. ಮೈಮೇಲಿನ ಸ್ಥಿರ ವಿದ್ಯುತ್ತೂ ಆವಿಯನ್ನು ಹೊತ್ತಿಸಬಲ್ಲದು. ಹಾಗಾಗಿ ಪೈಪಿಗೆ ಕೈ ಹಾಕುವ ಮುನ್ನ ಎಂಜಿನ್ನಿನ ಬಣ್ಣವಿಲ್ಲದ ಲೋಹವನ್ನು ಮುಟ್ಟುವುದು ಒಳ್ಳೆಯದು. ಪೆಟ್ರೋಲನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬಾರದು; ಮುಚ್ಚಳವಿರುವ ಲೋಹದ ಕ್ಯಾನೇ ಬೇಕು.

ರಬ್ಬರ್ ಪೈಪನ್ನು ನೇರವಾಗಿ ಎಳೆಯದೆ, ಕ್ಲಿಪ್ ಸರಿಸಿ, ಸ್ವಲ್ಪ ತಿರುಚಿ ಬಿಡಿಸಬೇಕು. ತುದಿಯಿಂದ ಜಿನುಗುವ ನಾಲ್ಕು ಹನಿಗೆ ಕೆಳಗೊಂದು ಹತ್ತಿಬಟ್ಟೆ ಇರಲಿ. ಬಿರುಕು ಬಿಟ್ಟ ಇಲ್ಲವೇ ಗಡುಸಾದ ಪೈಪನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಹೊಸದು ಹಾಕಬೇಕು. ಆಮೇಲೆ ಟ್ಯಾಂಕಿನ ಹಿಂಭಾಗವನ್ನು ನಾಲ್ಕು ಬೆರಳಿನಷ್ಟು ಎತ್ತಿ, ಅಡಿಯ ಮೀಟರ್ ವೈರು ಬಿಡಿಸಿ, ಹಿಂದಕ್ಕೆ ಎಳೆದರೆ ಟ್ಯಾಂಕು ಕೈಗೆ ಬರುತ್ತದೆ. ಅದನ್ನು ಪಂಪಿನ ಮೇಲೆ ಭಾರ ಬೀಳದಂತೆ ಹಳೆಯ ಟೈರಿನ ಮೇಲಿಟ್ಟು ಮುಚ್ಚಳ ಭದ್ರಪಡಿಸಬೇಕು.

ಪೆಟ್ರೋಲ್ ಬೆಂಕಿಗೆ ನೀರೆರಚಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿ ಉರಿಯನ್ನು ಹರಡುತ್ತದೆ. ಒಣ ಪುಡಿಯ ಅಗ್ನಿಶಾಮಕ, ಅದಿಲ್ಲದಿದ್ದರೆ ಕನಿಷ್ಠ ಒಂದು ಬಕೆಟ್ ಒಣ ಮರಳು ಕೆಲಸ ಶುರುವಾಗುವ ಮೊದಲೇ ಪಕ್ಕದಲ್ಲಿರಬೇಕು.

ಟ್ಯಾಂಕನ್ನು ಮರಳಿ ಕೂರಿಸಿದ ಮೇಲೆ ಬ್ಯಾಟರಿಗೆ ನೆಗೆಟಿವ್ ಕಟ್ಟಕಡೆಗೆ ಜೋಡಿಸುವುದು ಕ್ರಮ. ಇಂಜೆಕ್ಷನ್ ಬೈಕಿನಲ್ಲಿ ಸ್ಟಾರ್ಟ್ ಮಾಡದೆ ಎರಡು-ಮೂರು ಬಾರಿ ಕೀಲಿ ಆನ್ ಮಾಡಿದರೆ ಪಂಪು ಗುಂಯ್‌ಗುಟ್ಟಿ ಒತ್ತಡ ತುಂಬುತ್ತದೆ. ಆಗ ಪ್ರತಿ ಜೋಡಣೆಯ ಸುತ್ತ ಬೆರಳಾಡಿಸಿ, ಎಲ್ಲಿಯೂ ತೇವವಿಲ್ಲವೆಂದು ಖಚಿತವಾದ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಬೇಕು.